ಸ್ಕಾಟ್ಲೆಂಡಿನಲ್ಲಿ ನಾನು ಆರಿಸಿದ ಒಲೆ

ನನ್ನ ಬಾಯಿ ದೊಡ್ಡದು ಎಂದು ನಮ್ಮ ಅತ್ತೆ ಔರಾದಿನಲ್ಲಿ ಮನೆಮನೆಗೂ ಹೇಳಿ ಮುಗಿಸಿದ್ದಾರೆ. ಆ ದೊಡ್ಡ ಬಾಯಿ ಸ್ಕಾಟ್ಲೆಂಡ್ ಎಂಬ ದೇಶದಲ್ಲಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಮಾತಾಡಲಿಕ್ಕಲ್ಲ, ದಂಗಾಗಿ. ಊರಿಗೆ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳು ಸುತ್ತ ಕೂತು ಅಲ್ಲಿ ಏನೇನು ಕಂಡೆ ಎಂದು ಕೇಳಿದರೆ ನಾನು ಹೇಳುವುದು ಒಂದು ಒಲೆಯ ವಿಷಯ. ಇಷ್ಟು ದೂರ ಹಡಗಿನಲ್ಲಿ ಹೋಗಿ ಒಲೆ ನೋಡಿ ಬಂದಳಲ್ಲ ಎಂದು ಅವರಿಗೆ ಬೇಸರ. ಪೂರ್ತಿ ಕೇಳಿದ ಮೇಲೆ ಯಾರೂ ನಗುವುದಿಲ್ಲ.

ನಮ್ಮ ಮನೆಯವರು ದನದ ಡಾಕ್ಟರು. ಭಾರತದ ಸೈನ್ಯ ಬಂದ ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷವಾಗಿತ್ತು. ನಿಜಾಮರ ದರ್ಬಾರು ಹೋಗಿದ್ದರೂ ನಮ್ಮದು ಇನ್ನೂ ಹೈದರಾಬಾದ್ ರಾಜ್ಯವೇ. ಕುರಿಯ ರೋಗ, ಕುರಿಯ ತಳಿ ಇವನ್ನೆಲ್ಲ ಕಲಿತು ಬಾ ಎಂದು ಸರ್ಕಾರ ಅವರನ್ನು ಕಳಿಸಿತು. ಡಾಬಕಾ ಕಡೆಯ ಕುರಿಗಾರರು ಡಾಕ್ಟರ್ ಸಾಹೇಬರು ದಪ್ಪ ಉಣ್ಣೆಯ ಕುರಿ ತರುತ್ತಾರೆ ಎಂದು ಖುಷಿಪಟ್ಟರು. ನನ್ನನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಮಾವನವರು ಹೋಗಲಿ ಬಿಡು ಎಂದರು, ಅತ್ತೆ ಬೇಡ ಎಂದರು, ನಾನು ಹೊರಟುಬಿಟ್ಟೆ.

ಎಡಿನ್‌ಬರೋ

ಮೊದಲ ದಿನವೇ ಮಾನ ಹೋಯಿತು. ಕೋಟೆಯ ಕೆಳಗಿನ ದೊಡ್ಡ ಬೀದಿಯಲ್ಲಿ ಅಂಗಡಿ ನೋಡುತ್ತ ನಡೆದಿದ್ದೆವು. ಆ ಕೋಟೆಯನ್ನು ಕಂಡು ನನಗೇನೂ ಅನಿಸಿರಲಿಲ್ಲ. ಬೀದರಿನ ಕೋಟೆಯ ಮೂರು ಕಂದಕ ದಾಟಿ ಬಂದವಳಿಗೆ ಅದೇನು ಮಹಾ! ಇದ್ದಕ್ಕಿದ್ದಂತೆ ಮೇಲಿಂದ ಧಡಾರನೆ ತೋಪು ಹಾರಿತು. ನಾನು ನಮ್ಮವರ ಕೋಟು ಹಿಡಿದು ಎಳೆದು, ಅಂಗಡಿಯ ಗೋಡೆಗೆ ಅಂಟಿ, ತಲೆಯ ಮೇಲೆ ಸೆರಗು ಹೊದ್ದು ಕುಕ್ಕುರುಗಾಲಿನಲ್ಲಿ ಕೂತೆ. ಅವರೂ ಕೂತರು. ಸೈನ್ಯ ಬಂದಾಗ ಗಡಿಯ ಹೊಲದಲ್ಲಿ ತೊಗರಿಯ ಸಾಲಿನಲ್ಲಿ ಹಾಗೇ ಕೂತಿದ್ದ ರೂಢಿ ನನ್ನದು. ಕಣ್ಣು ತೆರೆದು ನೋಡುತ್ತೇನೆ, ಬೀದಿಯ ಜನ ಒಬ್ಬರೂ ಓಡುತ್ತಿಲ್ಲ. ಎಲ್ಲರೂ ಗಡಿಯಾರ ಹೊರತೆಗೆದು ಮುಳ್ಳು ಸರಿ ಮಾಡಿಕೊಳ್ಳುತ್ತಿದ್ದಾರೆ. ಮಧ್ಯಾಹ್ನ ಒಂದಾಯಿತು ಎಂದು ತಿಳಿಸಲು ದಿನಾ ತೋಪು ಹಾರಿಸುತ್ತಾರಂತೆ. ಹೊತ್ತು ಹೇಳಲಿಕ್ಕೆ ತೋಪು ಹಾರಿಸುವ ಜನರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಉಳಿದುಕೊಂಡ ಮನೆಯ ಯಜಮಾನಿ ಓಟ್ಸಿನ ಗಂಜಿಯನ್ನು ಒಂದೇ ಸಲ ಕುದಿಸಿ, ಅಡಿಗೆಮನೆಯ ಮೇಜಿನ ಡ್ರಾಯರಿಗೆ ಸುರಿಯುತ್ತಿದ್ದಳು. ಹೌದು, ಡ್ರಾಯರಿಗೆ. ನಮ್ಮಲ್ಲಿ ಚಾವಿ, ಸೂಜಿ-ದಾರ ಇಡುವಂಥದ್ದು. ಅದು ಗಟ್ಟಿಯಾದ ಮೇಲೆ ಚಾಕುವಿನಿಂದ ಕತ್ತರಿಸಿ ವಾರವಿಡೀ ಕೊಡುತ್ತಿದ್ದಳು. ತಂಗಳ ನುಚ್ಚು ತಿಂದು ಬೆಳೆದವಳು ನಾನು, ಮೂಗು ಮುರಿಯಲಿಲ್ಲ. ಆದರೆ ಪ್ರತಿಸಲ ಆಕೆ ಡ್ರಾಯರ್ ಎಳೆದಾಗ ಒಳಗೆ ಸೂಜಿಯೇನಾದರೂ ಇದೆಯೇ ಎಂದು ಇಣುಕುತ್ತಿದ್ದೆ.

ಭಾನುವಾರದ ಊರು

ನಮ್ಮವರ ಕಲಿಕೆ ಮುಗಿಯುತ್ತ ಬಂದಾಗ ಉತ್ತರದ ಗುಡ್ಡಗಳ ಕುರಿ ನೋಡಬೇಕೆಂದು ಹೊರಟೆವು. ಇನ್ವರ್ನೆಸ್ ದಾಟಿ ಒಂದು ಸಣ್ಣ ಊರಿನಲ್ಲಿ ಶನಿವಾರ ರಾತ್ರಿ ಇಳಿದೆವು, ಬೆಳಗಾದರೆ ಭಾನುವಾರ. ಅಂಗಡಿ ಮುಚ್ಚಿವೆ, ಬಸ್ಸಿಲ್ಲ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಏನೋ ಕರ್ಫ್ಯೂ ಹಾಕಿದ್ದಾರೆ ಎಂದುಕೊಂಡೆ. ಮಕ್ಕಳು ಆಡುವ ಬಯಲಿಗೆ ಹೋದರೆ ಅಲ್ಲಿ ಜೋಕಾಲಿಗಳನ್ನು ಮೇಲಕ್ಕೆ ಸುತ್ತಿ, ಸರಪಳಿ ಹಾಕಿ, ಬೀಗ ಜಡಿದಿದ್ದರು. ದೇವರ ದಿನ ಮಕ್ಕಳು ಜೋಕಾಲಿ ಆಡಬಾರದಂತೆ. ನಮ್ಮಲ್ಲಿ ಪಂಚಮಿಯ ದಿನ ಜೋಕಾಲಿ ಆಡದಿದ್ದರೆ ಹಿರಿಯರು ಬೈಯುತ್ತಾರೆ. ನಾನು ಬೀಗ ಹಿಡಿದು ಅಲ್ಲಾಡಿಸಿ ನೋಡಿದೆ. ಕಿಟಕಿಯ ಪರದೆಯ ಹಿಂದಿನಿಂದ ಯಾರೋ ನೋಡಿದರು. ನಮ್ಮವರು ನನ್ನ ರೆಟ್ಟೆ ಹಿಡಿದು ಎಳೆದುಕೊಂಡು ಬಂದರು.

ಲೇರ್ಗ್ ದಾಟಿದ ದಾರಿ

ಮರುದಿನ ಲೇರ್ಗ್ ಎಂಬ ಊರಿನಿಂದ ಟಪಾಲಿನ ಮೋಟಾರಿನಲ್ಲಿ ಹೊರಟೆವು. ಆ ಸೀಮೆಯಲ್ಲಿ ಟಪಾಲಿನ ಮೋಟಾರೇ ಮಂದಿಯನ್ನೂ ಒಯ್ಯುತ್ತದೆ. ಓಡಿಸುವವನ ಹೆಸರು ಕ್ಯಾಲಮ್. ನಡುವಯಸ್ಸಿನವ, ಕೆಂಪು ಮುಖ, ಮಾತು ಕಡಿಮೆ. ದಾರಿಯೋ ಒಂದೇ ಬಂಡಿಯ ಅಗಲ. ಎದುರಿನಿಂದ ಇನ್ನೊಂದು ಮೋಟಾರು ಬಂದರೆ ಯಾರು ಹಿಂದೆ ಸರಿಯಬೇಕು ಎಂದು ಇಬ್ಬರೂ ನಾನು ತಾನು ಎಂದು ಮರ್ಯಾದೆ ಮಾಡುತ್ತಾರೆ. ನನ್ನ ತವರು ಭಾಲ್ಕಿಯ ದಾರಿಯಲ್ಲಿ ಇಂಥ ಹೊತ್ತಿಗೆ ಬಂಡಿಯವರು ಒಬ್ಬರ ಹಿರಿಯರನ್ನೊಬ್ಬರು ನೆನೆಯುತ್ತಾರೆ.

ಎರಡೂ ಕಡೆ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಒಂದು ಮನೆಯಿಲ್ಲ, ಒಂದು ಬಾವಿಯಿಲ್ಲ, ತಲೆಗೆ ಬಟ್ಟೆ ಸುತ್ತಿ ನಡೆಯುವ ಒಬ್ಬ ಮನುಷ್ಯನಿಲ್ಲ. ನಮ್ಮವರಿಗೆ ಸ್ವರ್ಗವೇ ಸಿಕ್ಕಿತ್ತು. ಒಂದು ದೊಡ್ಡ ಮಂದೆ ದಾರಿಗೆ ಅಡ್ಡ ಬಂತು ನೋಡಿ, ಇವರು ಕೆಳಗಿಳಿದು ಕುರಿಗಳ ಕಾಲೆತ್ತಿ ಗೊರಸು ನೋಡತೊಡಗಿದರು, ಬಾಯಿ ತೆರೆಸಿ ಹಲ್ಲು ನೋಡಿದರು, ಕುರಿ ಕಾಯುವವನ ಜೊತೆ ಕೈಸನ್ನೆಯಲ್ಲೇ ವಾದಕ್ಕೆ ಬಿದ್ದರು. ಅಷ್ಟರಲ್ಲಿ ಹೊತ್ತು ಹೋಯಿತು. ನಾವು ತಲುಪಬೇಕಾದ ಊರು ಇನ್ನೂ ದೂರ ಎಂದು ಕ್ಯಾಲಮ್ ತಲೆ ಕೆರೆದುಕೊಂಡು, ದಾರಿಯಲ್ಲಿ ತನ್ನ ಸೋದರತ್ತೆಯ ಮನೆಯಿದೆ, ಅಲ್ಲಿ ಉಳಿಯಿರಿ ಎಂದ.

ಗುಡ್ಡದ ಬುಡದಲ್ಲಿ ಅಲ್ಲಲ್ಲಿ ಸೂರಿಲ್ಲದ ಕಲ್ಲುಗೋಡೆಗಳು ಕಾಣುತ್ತಿದ್ದವು, ಸೊಂಟದೆತ್ತರ, ಒಳಗೆ ಹುಲ್ಲು ಬೆಳೆದಿತ್ತು. ಎಷ್ಟು ಗಟ್ಟಿ ಕುರಿದೊಡ್ಡಿ ಕಟ್ಟಿದ್ದಾರೆ ನೋಡು, ನಮ್ಮ ಕುರಿಗಾರರು ಮುಳ್ಳಿನ ಬೇಲಿ ಹಾಕಿ ಕುರಿಯನ್ನು ತೋಳನಿಗೆ ಕೊಡುತ್ತಾರೆ ಎಂದು ಇವರು ಹೊಗಳಿದರು. ಕ್ಯಾಲಮನಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಅವನು ದಾರಿಯಿಂದ ಕಣ್ಣು ಕದಲಿಸದೆ ಮೋಟಾರಿನ ವೇಗ ಹೆಚ್ಚಿಸಿದ.

ಮೋರಾಗಜ್ಜಿಯ ಮನೆ

ಕ್ಯಾಲಮನ ಸೋದರತ್ತೆಯ ಹೆಸರು ಮೋರಾಗ್. ಎಪ್ಪತ್ತು ದಾಟಿದ ಒಂಟಿ ಮುದುಕಿ, ಬಡಕಲು, ಬೆನ್ನು ಮಾತ್ರ ನೆಟ್ಟಗೆ. ಆಕೆಯದು ಗೇಲಿಕ್ ಎಂಬ ಭಾಷೆ, ಇಂಗ್ಲಿಷು ನನ್ನಷ್ಟೇ, ಒಂದೆರಡು ಮಾತು. ಆಕೆ ಹೇಳಿದ್ದನ್ನು ಕ್ಯಾಲಮ್ ಇಂಗ್ಲಿಷು ಮಾಡಬೇಕು, ಅದನ್ನು ನಮ್ಮವರು ನನಗೆ ಕನ್ನಡ ಮಾಡಬೇಕು. ಕ್ಯಾಲಮ್ ನಮ್ಮನ್ನು ಇಳಿಸಿ, ಬೆಳಿಗ್ಗೆ ಬರುತ್ತೇನೆಂದು ಹೋದ ಮೇಲೆ ನಾವಿಬ್ಬರೂ ಹೆಂಗಸರು ಕೈಯಲ್ಲೇ ಮಾತಾಡಿದೆವು. ಏನೂ ಕಡಿಮೆಯಾಗಲಿಲ್ಲ.

ಆ ಮನೆಯೊಳಗೆ ಕಾಲಿಟ್ಟಾಗ ತವರಿಗೆ ಬಂದ ಹಾಗಾಯಿತು. ಹೊಗೆಗೆ ಕಪ್ಪಾದ ತೊಲೆ, ಗೋಡೆಯಾಚೆ ದನದ ಕೊಟ್ಟಿಗೆ, ಹಾಸುಗಲ್ಲಿನ ಮೇಲೆ ಒಲೆ. ಕಟ್ಟಿಗೆಯಿಲ್ಲದ ಸೀಮೆಯದು. ಜವುಗುನೆಲದ ಕರಿಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು ಒಣಗಿಸಿ ಉರಿಸುತ್ತಾರೆ. ನಮ್ಮ ಸೆಗಣಿಯ ಕುಳ್ಳಿನಂತೆಯೇ ಹೊಗೆಯಾಡಿ, ನಮ್ಮ ಕುಳ್ಳಿನಂತೆಯೇ ನಿಧಾನ ಉರಿಯುತ್ತದೆ. ಆಕೆ ತವೆಯ ಮೇಲೆ ಓಟ್ಸಿನ ಹಿಟ್ಟಿನ ರೊಟ್ಟಿ ಸುಟ್ಟು, ಬೆಣ್ಣೆ ಹಚ್ಚಿ, ಬೇಯಿಸಿದ ಬಟಾಟೆ ಕೊಟ್ಟಳು. ದೇಶ ಬಿಟ್ಟ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ. ನಾನು ಲಿಂಗಪೂಜೆಗೆ ಕೂತಾಗ ಆಕೆ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಮುಗಿಯುವತನಕ ಸದ್ದು ಮಾಡದೆ ಕೂತಿದ್ದಳು.

ಬೇಸಿಗೆಯಲ್ಲಿ ಅಲ್ಲಿ ಹೊತ್ತು ಮುಳುಗುವುದು ಬಲು ತಡ. ಹಗಲಿನಷ್ಟು ಬೆಳಕಿರುವಾಗಲೇ ಮಲಗುವ ವೇಳೆಯಾಯಿತು. ಅಜ್ಜಿ ಒಲೆಯ ಮುಂದೆ ಮೊಣಕಾಲೂರಿ, ಕೆಂಡಗಳನ್ನು ಮೂರು ಪಾಲು ಮಾಡಿ, ಮೇಲೆ ಬೂದಿ ಮುಚ್ಚಿ, ಏನೋ ಮಂತ್ರ ಗುಣುಗುಣು ಹೇಳಿದಳು. ದಿನದ ಅಡಿಗೆ ಮುಗಿಯಿತು, ಒಲೆ ಆರಿಸಿ ಶಿವ ಶಿವಾ ಅನ್ನುತ್ತಿದ್ದಾಳೆ ಎಂದುಕೊಂಡೆ. ನಮ್ಮವ್ವನೂ ಅನ್ನುತ್ತಾಳೆ.

ಮುಂಜಾನೆ

ಪರರ ಮನೆಯಲ್ಲಿ ಉಂಡು, ಹೊತ್ತೇರುವತನಕ ಬಿದ್ದುಕೊಂಡರೆ ಭಾಲ್ಕಿಯ ಹೆಣ್ಣುಮಗಳು ಅನ್ನಿಸಿಕೊಳ್ಳುತ್ತಾಳೆಯೇ? ಎಲ್ಲರಿಗಿಂತ ಮುಂಚೆ ಎದ್ದೆ. ಮುದುಕಿಗೆ ಒಂದಿಷ್ಟು ಕೆಲಸ ಹಗುರವಾಗಲಿ ಎಂದು ಒಲೆಗೆ ಕೈ ಹಾಕಿದೆ. ನಿನ್ನೆಯ ಬೂದಿ ಇರುವ ಒಲೆಯ ಮೇಲೆ ಇವತ್ತಿನ ಅಡಿಗೆ ಮಾಡುವುದು ನಮ್ಮಲ್ಲಿಲ್ಲ. ಬೂದಿ ತೆಗೆಯಬೇಕು, ಒಲೆ ಸಾರಿಸಬೇಕು, ಆಮೇಲೆ ಹೊಸ ಬೆಂಕಿ. ಬೂದಿ ಕೆದಕಿದರೆ ಒಳಗೆ ಕೆಂಡ ಇನ್ನೂ ಕೆಂಪಗಿತ್ತು. ಅಯ್ಯೋ, ಪೂರ್ತಿ ಆರಿಸದೆ ಮಲಗಿದ್ದಾಳಲ್ಲ, ಸೂರಿಗೆ ಕಿಡಿ ಹತ್ತಿದ್ದರೆ ಏನು ಗತಿ ಎಂದು ಒಂದು ತಂಬಿಗೆ ನೀರು ಸುರಿದೆ. ಚುಂಯ್ ಎಂದಿತು. ಸಾಲದೆಂದು ಇನ್ನೊಂದು ಸುರಿದೆ. ಎಲ್ಲವನ್ನೂ ಬುಟ್ಟಿಗೆ ಬಳಿದು ಹಿತ್ತಿಲ ಕೋಸಿನ ಗಿಡಕ್ಕೆ ಹಾಕಿದೆ. ಕೊಟ್ಟಿಗೆಯಿಂದ ಹಸಿ ಸೆಗಣಿ ತಂದು ಹಾಸುಗಲ್ಲು ಸಾರಿಸಿದೆ. ಓಟ್ಸಿನ ಹಿಟ್ಟಿನಲ್ಲಿ ಒಂದು ರಂಗೋಲಿಯನ್ನೂ ಹಾಕಿದೆ. ಹಿಂದಕ್ಕೆ ಸರಿದು ನೋಡಿ, ಸೊಂಟಕ್ಕೆ ಕೈಯಿಟ್ಟು ನನಗೆ ನಾನೇ ಶಭಾಷ್ ಅಂದುಕೊಂಡೆ.

ಅಜ್ಜಿ ಎದ್ದು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಮೆಲ್ಲಗೆ ಬಂದು ಮೊಣಕಾಲೂರಿ, ಆ ಕಲ್ಲಿನ ಮೇಲೆ ಅಂಗೈಯಿಟ್ಟಳು, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಬರಿಗಾಲಲ್ಲೇ ಹಿತ್ತಿಲಿಗೆ ಓಡಿದಳು. ಕೋಸಿನ ಗಿಡದ ಬುಡದಲ್ಲಿ ಕೂತು ಎರಡೂ ಕೈಯಿಂದ ಒದ್ದೆ ಬೂದಿಯನ್ನು ಹಿಸುಕಿ ಹಿಸುಕಿ ನೋಡತೊಡಗಿದಳು. ಬಂಗಾರದ ಉಂಗುರ ಬಿದ್ದಿರಬೇಕೆಂದು ನಾನೂ ಪಕ್ಕದಲ್ಲಿ ಕೂತು ಹುಡುಕತೊಡಗಿದೆ. ಆಕೆ ನನ್ನ ಮುಖ ನೋಡಿದಳು. ನಾನು ಕೈ ಹಿಂದಕ್ಕೆ ತೆಗೆದೆ.

ಅಷ್ಟು ಹೊತ್ತಿಗೆ ಕ್ಯಾಲಮ್ ಬಂದ. ಒಳಗೆ ಹಣಿಕಿ ನೋಡಿದವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದ, ಸತ್ತವರ ಮನೆಗೆ ಬಂದವರ ಹಾಗೆ. ನಮ್ಮವರನ್ನು ಎಬ್ಬಿಸಿ ಕೂಡಿಸಿಕೊಂಡು ಹೇಳಿದ. ಇವರು ಒಂದೊಂದೇ ಮಾತು ನನಗೆ ದಾಟಿಸಿದರು. ದಾಟಿಸುತ್ತ ದಾಟಿಸುತ್ತ ಇವರ ಧ್ವನಿ ಸಣ್ಣದಾಯಿತು.

ನಾವು ಬಂದ ದಾರಿಯ ಕಣಿವೆಯೆಲ್ಲ ಒಂದು ಕಾಲಕ್ಕೆ ಹಳ್ಳಿಗಳೇ. ಭೂಮಿಯ ಒಡೆಯನಿಗೆ ಮಂದಿಗಿಂತ ಕುರಿಯಲ್ಲಿ ಲಾಭ ಕಂಡಿತು. ಜನರನ್ನು ಹೊರಗೆ ಹಾಕಿಸಿದ. ಆಳುಗಳು ಬಂದು ಸೂರಿನ ತೊಲೆ ಕಿತ್ತರು, ಜನ ತಿರುಗಿ ಬರಬಾರದೆಂದು ಅವರ ಗಡಿಗೆಯ ಹಾಲನ್ನೇ ಅವರ ಒಲೆಗೆ ಸುರಿದು ಆರಿಸಿದರು. ಅಜ್ಜಿಯ ಮುತ್ತಜ್ಜಿ ಅಷ್ಟರೊಳಗೆ ಒಂದಿಷ್ಟು ಕೆಂಡವನ್ನು ಬೂದಿಯಲ್ಲಿ ಹೂತು, ಕಬ್ಬಿಣದ ಗಡಿಗೆಯಲ್ಲಿಟ್ಟು ಹೊತ್ತುಕೊಂಡು ಈ ಜವುಗುನೆಲಕ್ಕೆ ಬಂದಳು. ಅಂದಿನಿಂದ ಆ ಬೆಂಕಿ ಆರಿರಲಿಲ್ಲ. ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ ಬಂದಿತ್ತು. ರಾತ್ರಿ ಬೂದಿ ಮುಚ್ಚುವುದು, ಬೆಳಿಗ್ಗೆ ಊದಿ ಎಬ್ಬಿಸುವುದು. ಹೆರಿಗೆಯಾದರೂ, ಸಾವಾದರೂ, ಗಂಡುಮಕ್ಕಳು ಯುದ್ಧಕ್ಕೆ ಹೋಗಿ ತಿರುಗಿ ಬರದಿದ್ದರೂ.

ಕುರಿದೊಡ್ಡಿ ಎಂದು ನಾವು ಹೊಗಳಿದ್ದ ಗೋಡೆಗಳು ಮನೆಗಳಾಗಿದ್ದವು.

"ಕುರಿ ಸಲುವಾಗಿ?" ಎಂದೆ ನಾನು. "ಕುರಿ ಸಲುವಾಗಿ ಮಂದಿಗಿ ಹೊರಗ ಹಾಕಿದ್ರಾ?" ನಮ್ಮವರು ಇದನ್ನು ಇಂಗ್ಲಿಷು ಮಾಡಲಿಲ್ಲ. ಅದೇ ಕುರಿಯ ವಿದ್ಯೆ ಕಲಿಯಲು ಬಂದ ಮನುಷ್ಯ, ನೆಲ ನೋಡುತ್ತ ಕೂತರು. ಆ ಆಳುಗಳು ಎಲ್ಲಿಯವರು ಎಂದು ಕೇಳಿಸಿದೆ. ದೂರದವರೇನಲ್ಲ, ಪಕ್ಕದ ಕಣಿವೆಯವರೇ, ಆ ಮನೆಯಲ್ಲಿ ಉಂಡವರೂ ಇದ್ದರು ಎಂದ ಕ್ಯಾಲಮ್.

ನನಗೆ ಅಳು ಬಂತು, ಸಿಟ್ಟೂ ಬಂತು. ಮೊದಲೇ ಯಾರಾದರೂ ಹೇಳಬಾರದಿತ್ತೇ? ಆದರೆ ಬಂದ ಅತಿಥಿ ಎದ್ದು ಒಲೆಗೆ ನೀರು ಸುರಿದಾಳು ಎಂದು ಆ ದೇಶದಲ್ಲಿ ಯಾರಿಗೆ ಕನಸು ಬಿದ್ದೀತು? ಅಜ್ಜಿ ಕುರ್ಚಿಯಲ್ಲಿ ಕೂತು ತನ್ನ ಬೂದಿಯ ಕೈಗಳನ್ನೇ ನೋಡುತ್ತಿದ್ದಳು. ಏನಾದರೂ ಮಾಡಲೇಬೇಕಿತ್ತು. ನನಗೆ ಥಟ್ಟನೆ ಹೊಳೆಯಿತು.

"ಏನ್ರಿ, ಕೇಳ್ರಿ ಆತಗ," ಎಂದೆ. "ಇವರ ಮನಿ ಬೆಂಕಿ ಬಾಜೂ ಮನಿಯವ್ರು ಎಂದಾದ್ರೂ ಒಯ್ದಿರ್ತಾರಲ್ಲ. ಆ ಮನಿ ಒಲಿಯಿಂದ ಹೊಳ್ಳಿ ತರೋಣು. ಬೆಂಕಿ ಅದೇ ಅಲ್ಲೇನ್ರಿ?"

ನಮ್ಮ ಭಾಲ್ಕಿಯಲ್ಲಿ ಹಾಗೆಯೇ. ಬೆಂಕಿ ಒಂದು ಮನೆಯದಲ್ಲ, ಓಣಿಯದು. ಬೆಳಿಗ್ಗೆ ಎದ್ದು ಕುಳ್ಳಿನ ತುಂಡು ಹಿಡಿದು ಪಕ್ಕದ ಮನೆಗೆ ಹೋದರೆ ಅವರು ಅದರ ಮೇಲೆ ಒಂದು ಕೆಂಡ ಇಡುತ್ತಾರೆ. ನಾಳೆ ಅವರು ಬರುತ್ತಾರೆ. ಅದಕ್ಕೇ ಯಾರೂ ಬೆಂಕಿಯನ್ನು ಕಾಯುವುದಿಲ್ಲ. ಇದನ್ನೆಲ್ಲ ಕ್ಯಾಲಮನಿಗೆ ತಿಳಿಸಿದಾಗ ಅವನು ಎದ್ದು ಬಾಗಿಲು ಪೂರ್ತಿ ತೆರೆದ. ಹೊರಗೆ ಗುಡ್ಡ, ಗುಡ್ಡದ ಆಚೆ ಗುಡ್ಡ, ಕುರಿ. ಎಲ್ಲಿಯೂ ಒಂದು ಹೊಗೆ ಏಳುತ್ತಿರಲಿಲ್ಲ. ಆ ಮುದುಕಿ ತನ್ನ ಬೆಂಕಿಯನ್ನು ಜೀವದಂತೆ ಏಕೆ ಕಾಯ್ದಳು ಎಂದು ಆಗ ನನಗೆ ತಿಳಿಯಿತು. ಆರಿದರೆ ಹೋಗಿ ಕೇಳಲು ಸುತ್ತ ಒಂದು ಮನೆಯೂ ಇರಲಿಲ್ಲ.

ನಾನು ಗೋಡೆಗೆ ಒರಗಿ ಕೂತೆ. ಕೂತವಳು ಯಾರೂ ಕೇಳದಿದ್ದರೂ ರಾಬಿಯಾ ಬೀ ವಿಷಯ ಹೇಳತೊಡಗಿದೆ. ನಮ್ಮ ಪಕ್ಕದ ಮನೆಯವಳು. ನಾನು ಕುಳ್ಳು ಹಿಡಿದು ಹೋಗುತ್ತಿದ್ದದ್ದು ಅವಳ ಮನೆಗೇ. ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಹಾವಳಿಯಲ್ಲಿ ಅಪ್ಪ ಅಂಗಡಿ ಮುಚ್ಚಿ ನಮ್ಮನ್ನೆಲ್ಲ ಸೋಲಾಪುರದ ಕಡೆಗೆ ಸಾಗಿಸಿದಾಗ ಮನೆಯ ಚಾವಿ ಕೊಟ್ಟದ್ದು ಅವಳ ಕೈಗೆ. ಪೊಲೀಸ್ ಆ್ಯಕ್ಷನ್ ಮುಗಿದು ತಿರುಗಿ ಬಂದೆವು. ನಮ್ಮ ಮನೆಯ ಒಂದು ಚಮಚವೂ ಹೋಗಿರಲಿಲ್ಲ, ಚಾವಿ ತುಳಸಿಕಟ್ಟೆಯಲ್ಲಿ ಇಟ್ಟಿತ್ತು. ಮರುದಿನ ಬೆಳಿಗ್ಗೆ ಅವ್ವ ರೂಢಿಯಂತೆ ನನ್ನ ಕೈಗೆ ಕುಳ್ಳು ಕೊಟ್ಟಳು, ನಾನೂ ರೂಢಿಯಂತೆ ಹೋದೆ. ಬಾಗಿಲು ಇರಲಿಲ್ಲ. ಬಾಗಿಲ ಚೌಕಟ್ಟೂ ಇರಲಿಲ್ಲ. ಸೂರು ಹೋಗಿತ್ತು, ಖಾಲಾಳ ಒಲೆಯಲ್ಲಿ ಮಳೆಯ ನೀರು ನಿಂತಿತ್ತು. ಮನೆಯ ಗಂಡಸರನ್ನು ಎಳೆದೊಯ್ದರು, ಅವರು ತಿರುಗಿ ಬರಲಿಲ್ಲ ಎಂದು ಆಮೇಲೆ ಕೇಳಿದೆವು. ಮಾಡಿದವರು ಯಾರೋ ಹೊರಗಿನವರು ಎಂದು ಓಣಿಯಲ್ಲಿ ಹೇಳಿದರು. ಆ ಚೌಕಟ್ಟು ಮಾತ್ರ ನಮ್ಮ ಓಣಿಯಲ್ಲೇ ಒಬ್ಬರ ಹಿತ್ತಿಲಲ್ಲಿ ನಿಂತಿತ್ತು.

ಇಷ್ಟೂ ಎರಡು ಬಾಯಿ ದಾಟಿ ಅಜ್ಜಿಗೆ ಮುಟ್ಟಿತು. ಆಕೆ ತಲೆಯೆತ್ತಿ ಏನೋ ಕೇಳಿದಳು. ಕ್ಯಾಲಮ್ ಅದನ್ನು ನಮ್ಮವರಿಗೆ ದಾಟಿಸಿದ. ನಮ್ಮವರು ನನ್ನತ್ತ ತಿರುಗಿದರು.

"ಆಕಿ ಈಗ ಎಲ್ಲಿ ಒಲಿ ಹೂಡ್ಯಾಳ ಅಂತ ಕೇಳ್ತಾಳ."

"ಬೀದರದಾಗ ಅಣ್ಣನ ಮನ್ಯಾಗ ಇದ್ದಾಳಂತ," ಎಂದೆ.

"ನಿಮ್ಮೂರಿಂದ ಎಷ್ಟು ದೂರ ಅಂತಾಳ."

ರೈಲು ಹತ್ತಿದರೆ ಹಲಬರ್ಗಾ ದಾಟಿ ಸ್ವಲ್ಪ ಹೊತ್ತಿಗೆ ಬೀದರು ಬರುತ್ತದೆ ಎಂದು ಹೇಳಿಸಿದೆ. ಅಜ್ಜಿ ತನಗಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ನೇರವಾಗಿ ನನಗೇ, "ಅಷ್ಟೇ ದೂರವೇ?" ಎಂದಳು. ವ್ಯಂಗ್ಯವಿರಲಿಲ್ಲ, ಆಕೆಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಮುಂಬಯಿಗೆ ಹೊರಟಾಗ ನಮ್ಮ ರೈಲು ಬೀದರ್ ಸ್ಟೇಷನ್ನಿನಲ್ಲಿ ನಿಂತಿತ್ತು. ನಮ್ಮವರು ಇಳಿದು ಚಹಾ ಕುಡಿದಿದ್ದರು. ಸಮುದ್ರ ದಾಟುವ ಹುಮ್ಮಸ್ಸಿನಲ್ಲಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ್ದರೂ ಖಾಲಾಳ ನೆನಪೇ ಆಗಿರಲಿಲ್ಲ.

ಅಜ್ಜಿ ಎದ್ದು ಕೈ ತೊಳೆದಳು. ಕಪಾಟಿನಿಂದ ಬೆಂಕಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದಳು. ಮೊದಲನೆಯದು ಆರಿತು, ಎರಡನೆಯದು ಹತ್ತಿತು. ನನ್ನ ರಂಗೋಲಿಯ ಮೇಲೆಯೇ ಕರಿಮಣ್ಣಿನ ಹೆಂಟೆ ಪೇರಿಸಿ ಒಲೆ ಹೂಡಿ, ನಮಗೆಲ್ಲ ಚಹಾ ಮಾಡಿದಳು. ನನ್ನ ಬಟ್ಟಲಿಗೆ ಸಕ್ಕರೆ ಹಾಕಿ ಕಲಕಿ ಕೊಟ್ಟಳು.

ಬೀದರ್

ತಿರುಗಿ ಬರುವಾಗ ಕೈಯಲ್ಲಿ ಭಾಲ್ಕಿಯ ಟಿಕೇಟು ಇತ್ತು. ಬೀದರಿನಲ್ಲಿ ರೈಲು ನಿಂತಾಗ ನಾನು ಏಳುವ ಮೊದಲೇ ನಮ್ಮವರು ಟ್ರಂಕು ಕೆಳಗಿಳಿಸಿದ್ದರು.

ಕೋಟೆಯ ಹಿಂದಿನ ಗಲ್ಲಿಗಳಲ್ಲಿ ಕೇಳುತ್ತ ಕೇಳುತ್ತ ಹೋದೆವು. ಇವರು ಮೂಲೆಯಲ್ಲೇ ನಿಂತರು. ಹಡಗಿನಲ್ಲಿ ಕೂತು ಏನೇನು ಹೇಳಬೇಕೆಂದು ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಗೋಣಿತಾಟಿನ ಪರದೆ ಸರಿಸಿ ರಾಬಿಯಾ ಬೀ ಹೊರಗೆ ಬಂದು ನಿಂತಾಗ ಒಂದೂ ನೆನಪಾಗಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

"ಬೆಂಕಿ ಕೇಳ್ಲಿಕ್ಕಿ ಬಂದೀನಿ, ಖಾಲಾ," ಎಂದೆ.

ಅವಳು ನನ್ನನ್ನು ನೋಡಿದಳು. ಮುಖವನ್ನಲ್ಲ, ಕೈಗಳನ್ನು.

"ಇಷ್ಟ್ ವರ್ಷಕ್ಕ ಬಂದೀ, ಅದೂ ಬರಿಗೈಲಿ," ಎಂದಳು. "ಬೆಂಕಿ ಯಾತರಾಗ ಒಯ್ತೀ, ನೀಲಾ?"

ನಾನು ನಿಂತಲ್ಲೇ ಬಿಕ್ಕಿದೆ. ಖಾಲಾ ಪರದೆಯ ಹಿಂದೆ ಹೋದಳು. ಒಳಗೆ ಊದುಗೊಳವೆಯ ಸದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು, ತನ್ನದೇ ಒಂದು ಕುಳ್ಳಿನ ಮೇಲೆ ಕೆಂಡ ಇಟ್ಟು, ಸುಡದ ಕಡೆಯನ್ನು ನನ್ನತ್ತ ತಿರುಗಿಸಿ ಹಿಡಿದಳು.